ಬಚ್ಚಲ ಬಾಗಿಲಿನ ಎರಡು ಸ್ಕ್ರೂ

ಜನವರಿ ೯

ಅಣ್ಣ ಬಂದಿದ್ದ. ನಾನು ಕಾಲಿಡದ ಹಾಗೆ ಅಂಗಡಿಯ ಬೀಗ ಬದಲಾಯಿಸಿ ಹೊಸ ಕೀಲಿಕೈಯನ್ನು ಬಾಮೈದನ ಕೈಗಿಟ್ಟ ಮೇಲೆ ಇವತ್ತೇ ಅವನು ನನ್ನ ಬಾಡಿಗೆ ಕೋಣೆಯ ಮೆಟ್ಟಿಲು ಹತ್ತಿದ್ದು. ನಾಚಿಕೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದ.

“ಅಪ್ಪನ್ನ ಕೆಳಗಿನ ರೂಮಿಗೆ ತಂದಿದೀವಿ. ಮೇಲೆ ಹತ್ತೋಕೆ ಆಗ್ತಿಲ್ಲ. ಬಚ್ಚಲಿಗೆ ಒಂದು ಬಾಗಿಲು, ಒಂದು ಕಪಾಟು, ಗೋಡೆಗೆ ಹಿಡಿಕೆ… ನೀನು ಮಾಡಿಕೊಟ್ರೆ ಚೆನ್ನಾಗಿರತ್ತೆ” ಅಂದ.

“ಯಾಕೆ, ನಿನ್ನ ಬಾಮೈದ ಎಲ್ಲಿ?”

ಅತ್ತಿಗೆಯ ಈ ತಮ್ಮನಿಗೆ ನಾನಿಟ್ಟ ಹೆಸರು ಜಾಣ. ಆ ಜಾಣ ಮಾಡಿದ ಅಡುಗೆಮನೆ ಕಪಾಟಿನ ಬಾಗಿಲು ಮೊನ್ನೆ ಅತ್ತಿಗೆಯ ಕೈಗೇ ಕಿತ್ತು ಬಂದಿದೆಯಂತೆ. ಕೇಳಿ ಒಳಗೊಳಗೇ ಕುಣಿದೆ.

ಮರೆಯಬಾರದೆಂದು ಇಲ್ಲಿ ಇನ್ನೊಮ್ಮೆ ಬರೆದಿಡುತ್ತೇನೆ. ಹದಿನಾರನೇ ವಯಸ್ಸಿನಿಂದ ನಾನು ಅಪ್ಪನ ಮರಗೆಲಸದ ಅಂಗಡಿಯಲ್ಲಿ ಉಜ್ಜುಗೊರಡು ತಳ್ಳಿದವಳು. ಈ ಊರಿನ ಅರ್ಧ ಬಾಗಿಲುಗಳಿಗೆ ಕೂರಿಸಿದ ಕೀಲು ನನ್ನದು. ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಕೂಡಲೇ ಅಣ್ಣ ಯಜಮಾನನಾದ. ದೊಡ್ಡ ಕಂಟ್ರಾಕ್ಟರ್ ಬಂದು “ಇಲ್ಲಿ ನಿಮ್ಮ ತಂಗಿ ಕೆಲಸ ಮಾಡ್ತಿದ್ರಲ್ಲ?” ಎಂದು ಕೇಳಿದಾಗ, ನನ್ನ ಎದುರಿಗೇ ಹೇಳಿದ: “ಅವಳಾ? ಬರೀ ಪಾಲಿಶ್ ಉಜ್ತಿದ್ಲು.”

ಅಪ್ಪ ಅಲ್ಲೇ ಕುರ್ಚಿಯಲ್ಲಿದ್ದರು. ನಾಲಿಗೆ ತೊದಲುತ್ತದೆ ನಿಜ, ಆದರೆ ಮಾತು ಬರುತ್ತದೆ. ಒಂದೇ ಒಂದು ಮಾತು ಆಡಲಿಲ್ಲ. ಅಣ್ಣನನ್ನು ಒಂದು ದಿನ ಕ್ಷಮಿಸಿದರೂ ಕ್ಷಮಿಸಿಯೇನು, ಅಪ್ಪನ ಆ ಮುಚ್ಚಿದ ಬಾಯಿಯನ್ನು ಮಾತ್ರ ಕ್ಷಮಿಸಲಾರೆ.

“ಆಯ್ತು, ಮಾಡಿಕೊಡ್ತೀನಿ” ಅಂದೆ. ಅಣ್ಣನಿಗೇ ಆಶ್ಚರ್ಯವಾಯಿತು.

ಜನವರಿ ೧೧

ಹಾರ್ಡ್‌ವೇರ್ ಅಂಗಡಿಯಲ್ಲಿ ಬೆಳಗ್ಗೆಯೆಲ್ಲ ಕೂತಿದ್ದೆ. ಎಲ್ಲ ಬಗೆಯ ಸ್ಕ್ರೂಗಳನ್ನು ಒಂದೊಂದು ಹಿಡಿ ತಂದು ಹಳೇ ಪೇಪರಿನ ಮೇಲೆ ಸುರಿದುಕೊಂಡು, ಒಂದು ತುಂಡು ಮರದಲ್ಲಿ ಬಿಗಿದು ಬಿಗಿದು ನೋಡಿದೆ.

ಸೀಳು ತಲೆ, ಅಂದರೆ ಎಲ್ಲರೂ ಮೈನಸ್ ಅನ್ನುವುದು: ಪಾಪದ್ದು. ಡ್ರೈವರ್ ಪಕ್ಕಕ್ಕೆ ಜಾರುತ್ತದೆ, ಮೆಷಿನ್ನಿಗೆ ಆಗುವುದೇ ಇಲ್ಲ. ಚಾಕು, ನಾಣ್ಯ, ಉಗುರು ಗಟ್ಟಿಯಿದ್ದರೆ ಉಗುರಿಗೂ ಬಗ್ಗುತ್ತದೆ.

ಪ್ಲಸ್ ತಲೆ: ಮೆಷಿನ್ನಿನ ಮೂತಿಗೆ ಸಿಕ್ಕಿಸುವ ಬಿಟ್ ತಾನಾಗಿ ನಡುವಿಗೆ ಕೂರುತ್ತದೆ ಅಂತ ಎಲ್ಲರಿಗೂ ಪ್ರೀತಿ. ಆದರೆ ಬಲ ಹಾಕಿದೊಡನೆ ಎಗರಿ ಹೊರಗೆ ಬರುತ್ತದೆ. ಮೈಭಾರವೆಲ್ಲ ಹಾಕಿ ಒತ್ತಿ ಹಿಡಿಯಬೇಕು, ಬಿಟ್ಟಿನ ಅಳತೆಯೂ ಸರಿಯಿರಬೇಕು. ಜಾಣ ಒಂದು ನಂಬರ್ ಸಣ್ಣ ಬಿಟ್ ಹಾಕಿಕೊಂಡು ಗಿರ್ರೆನ್ನಿಸಿದ್ದಾನೆ; ತಲೆಗಳೆಲ್ಲ ಸವೆದು ಬಟ್ಟಲಾಗಿವೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅವನು “ಸ್ಕ್ರೂನೇ ಕಳಪೆ” ಅಂದನಂತೆ.

ಚೌಕ ತಲೆ ಪರವಾಗಿಲ್ಲ, ಎಗರುವುದಿಲ್ಲ. ಸ್ಟಾರ್ ತಲೆ ರಾಜ. ಆರೂ ಹಲ್ಲಿನಿಂದ ಕಚ್ಚಿ ಹಿಡಿಯುತ್ತದೆ, ಕೈಯ ಬಲ ಅಷ್ಟೂ ಮರಕ್ಕೇ ಇಳಿಯುತ್ತದೆ.

ಕೊನೆಯ ಡಬ್ಬಿಯಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ಸ್ಟಾರೇ, ಆದರೆ ನಟ್ಟನಡುವೆ ಒಂದು ಸಣ್ಣ ಮೊಳೆ ಎದ್ದು ನಿಂತಿದೆ. ಸಾಮಾನ್ಯ ಸ್ಟಾರ್ ಬಿಟ್ ಒಳಗೆ ಹೋಗುವುದಿಲ್ಲ. ತುದಿಯಲ್ಲಿ ತೂತಿರುವ ಬಿಟ್ಟೇ ಬೇಕು. ಬಸ್ ನಿಲ್ದಾಣದ ಬೆಂಚುಗಳಿಗೆ ಹಾಕುತ್ತಾರೆ, ಯಾರೂ ಕಿತ್ತುಕೊಂಡು ಹೋಗಬಾರದು ಅಂತ.

“ಮನೆ ಕೆಲಸಕ್ಕೆ ಇದ್ಯಾಕಮ್ಮ?” ಅಂದ ಅಂಗಡಿಯವನು.

“ಆ ಮನೇಲಿ ಕಳ್ಳರ ಕಾಟ” ಅಂದೆ. ಸುಳ್ಳೇನಲ್ಲವಲ್ಲ.

ಆ ಮನೆಯಲ್ಲಿ ಇನ್ನು ಮೇಲೆ ಒಂದು ಹಲಗೆ ಸರಿಸಬೇಕಾದರೂ ನನ್ನನ್ನೇ ಕರೆಯಬೇಕು. ತೂತಿರುವ ಬಿಟ್ ನನ್ನ ಜೇಬಿನಲ್ಲಿರುತ್ತದೆ. ಕಾಲು ಹಿಡಿಯಲಿ. ಪಾಲಿಶ್ ಉಜ್ಜುವವಳ ಕಾಲು ಹಿಡಿಯಲಿ.

ಜನವರಿ ೧೫

ಗೋಡೆಯ ಹಿಡಿಕೆಗಳನ್ನು ಹಾಕಿದೆ. ಅವಕ್ಕೆ ಉದ್ದದ ಸ್ಟಾರ್ ಸ್ಕ್ರೂ, ಗೋಡೆಯ ತೂತಿಗೆ ದಪ್ಪ ಪ್ಲಗ್ಗು. ನೇತಾಡಿ ನೋಡಿದೆ, ಅಲ್ಲಾಡಲಿಲ್ಲ. ಹಿಡಿಕೆಯಲ್ಲಿ ಸೇಡಿಲ್ಲ, ಕೆಲಸ ಕೆಲಸವೇ.

ಕಪಾಟು, ಕಿಟಕಿಯ ಜಾಲರಿ, ಕೀಲುಗಳು, ಎಲ್ಲಕ್ಕೂ ಮೊಳೆ ಸ್ಟಾರ್. ಅತ್ತಿಗೆ ಬಂದು “ಎಷ್ಟು ಚೆಂದ ಹೊಳೀತಿದೆ ಸ್ಕ್ರೂ” ಅಂದಳು. ಹೊಳೆಯಲಿ ಬಿಡಿ, ಅತ್ತಿಗೆ.

ಜನವರಿ ೧೮

ಇವತ್ತು ಬಚ್ಚಲ ಬಾಗಿಲು.

ನಮ್ಮ ಅಂಗಡಿಯಲ್ಲಿ ಬಚ್ಚಲ ಬಾಗಿಲಿಗೆ ಅಪ್ಪ ಹಾಕಿದ ಒಂದು ಕಟ್ಟಳೆಯಿದೆ. ಚಿಲಕದ ಪಕ್ಕದಲ್ಲಿ, ಕೈ ತೂರುವಷ್ಟು ಒಂದು ಕಿಂಡಿ ಕೊರೆಯಬೇಕು. ಅದಕ್ಕೆ ಹೊರಗಿನಿಂದ ಮರದ ಮುಚ್ಚಳ. ಮುಚ್ಚಳಕ್ಕೆ ಎರಡೇ ಸ್ಕ್ರೂ, ಅವೆರಡೂ ಸೀಳು ತಲೆಯವೇ ಆಗಿರಬೇಕು, ಸೀಳು ನೆಟ್ಟಗೆ ನಿಂತಿರಬೇಕು. ಅಪ್ಪನ ಅಜ್ಜಿ ಒಳಗಿನಿಂದ ಚಿಲಕ ಹಾಕಿಕೊಂಡು ಬಿದ್ದಾಗ ಬಾಗಿಲು ಒಡೆಯುವಷ್ಟರಲ್ಲಿ ಹೊತ್ತು ಮೀರಿತ್ತಂತೆ. “ಒಳಗೆ ಬಿದ್ದವರನ್ನು ತೆಗೆಯೋಕೆ ಬಡಗಿ ಬರಬೇಕಾ? ಮನೇಲಿರೋ ಚಮಚ ಸಾಕು” ಅನ್ನುತ್ತಿದ್ದರು. ಜಗತ್ತೆಲ್ಲ ಪ್ಲಸ್ಸಿಗೆ, ಸ್ಟಾರಿಗೆ ಹೋದರೂ ಆ ಎರಡು ಸ್ಕ್ರೂ ಮಾತ್ರ ಬದಲಾಗಲಿಲ್ಲ.

ಸೀಳು ತಲೆಯ ಎರಡನ್ನು ಜೇಬಿನಿಂದ ತೆಗೆದೆ. ಮತ್ತೆ ಜೇಬಿಗೇ ಹಾಕಿದೆ. ಎಲ್ಲ ಕಡೆ ಮಾಡಿ ಇಲ್ಲಿ ಬಿಟ್ಟರೆ ಸೇಡು ಅರೆಬೆಂದ ಹಾಗೆ. ಅಲ್ಲದೆ, ಬಾಯಿ ಇದ್ದೂ ಬಿಡದವರಿಗೆ ಕಿಂಡಿ ಬೇರೆ ಕೇಡು! ಮೊಳೆ ಸ್ಟಾರನ್ನೇ ಬಿಗಿದೆ.

ಹಿಂದಿನಿಂದ ಕೋಲಿನ ಶಬ್ದ. ಅಪ್ಪ ನಿಧಾನವಾಗಿ ಬಂದು, ಎಡಗೈಯ ಹೆಬ್ಬೆರಳಿನಿಂದ ಎರಡೂ ಸ್ಕ್ರೂ ತಲೆಗಳನ್ನು ಸವರಿದರು. ಆಮೇಲೆ ನನ್ನ ಮುಖ ನೋಡಿ “ಹೂಂ” ಅಂದರು.

ಎಷ್ಟು ಸಮನಾಗಿ ಕೂರಿಸಿದ್ದೇನೆ ಎಂದು ಮೆಚ್ಚಿರಬೇಕು. ಈಗ ಮೆಚ್ಚಿ ಏನು ಫಲ.

ಜನವರಿ ೧೯

ನಿದ್ದೆ ಚೆನ್ನಾಗಿ ಬಂತು.

ಫೆಬ್ರವರಿ ೨

ಬಂತು, ಕರೆ ಬಂತು! ಕಪಾಟಿನ ಹಲಗೆ ಒಂದು ಗೇಣು ಮೇಲಕ್ಕೆ ಹೋಗಬೇಕಂತೆ. ಜಾಣ ತನ್ನ ಪ್ಲಸ್ ಬಿಟ್ ತುರುಕಿ ಮೆಷಿನ್ ಒತ್ತಿದ್ದಾನೆ; ಬಿಟ್ಟಿನ ಮೂತಿಯೇ ಹಾರಿಹೋಗಿದೆ. ಹಾಲು ಕುಡಿದಷ್ಟು ಸಂತೋಷವಾಯಿತು.

ಒಂದು ನಿಯಮ ಮಾಡಿಕೊಂಡಿದ್ದೇನೆ. ಆ ಮನೆಯ ಫೋನನ್ನು ಮೊದಲ ಸಲಕ್ಕೆ ಎತ್ತುವುದಿಲ್ಲ, ಎರಡನೆಯದಕ್ಕೂ ಇಲ್ಲ. ಮೂರನೇ ಸಲ ಬಡಿದುಕೊಂಡ ಮೇಲೆ, ನಿದ್ದೆಯಿಂದ ಎದ್ದವಳ ಹಾಗೆ “ಹಲೋ?” ಅನ್ನಬೇಕು. ಕಾಯುವುದು ಏನೆಂದು ಅವರಿಗೂ ಗೊತ್ತಾಗಲಿ.

ಅಣ್ಣ ಒಂದಲ್ಲ ಒಂದು ದಿನ ಅಂಗಡಿಗೆ ವಾಪಸ್ ಕರೆದೇ ಕರೆಯುತ್ತಾನೆ. ಆಗ ಹೇಳಬೇಕಾದ ಮಾತು ಸಿದ್ಧವಾಗಿದೆ: “ಪಾಲಿಶ್ ಉಜ್ಜೋಳಿಗೆ ಅಂಗಡೀಲೇನು ಕೆಲಸ ಅಣ್ಣಾ?” ಕನ್ನಡಿ ಮುಂದೆ ಹೇಳಿ ನೋಡಿದೆ. ‘ಅಣ್ಣಾ’ ಎನ್ನುವಲ್ಲಿ ಸ್ವಲ್ಪ ಎಳೆದರೆ ಇನ್ನೂ ಚೆನ್ನ.

ಫೆಬ್ರವರಿ ೧೦

ಕಿಟಕಿ ಜಾಲರಿ ತೊಳೆಯಬೇಕೆಂದು ಕರೆದರು. ಮೂರನೇ ಸಲಕ್ಕೆ ಎತ್ತಿ, ಮಧ್ಯಾಹ್ನ ಹೋದೆ.

ಅತ್ತಿಗೆ ಬಾಗಿಲಲ್ಲೇ ಹಿಡಿದುಕೊಂಡಳು. “ನೋಡು, ನಿನ್ನ ಹತ್ರ ಹೇಳ್ಕೋಬಾರದು, ಆದ್ರೂ ಹೇಳ್ತೀನಿ. ಮಾವ ಬಚ್ಚಲಿಗೆ ಹೋದ್ರೆ ಬಾಗಿಲು ಹಾಕ್ಕೊಳ್ಳೋದೇ ಇಲ್ಲ. ಅರ್ಧ ತೆಗೆದೇ ಇರತ್ತೆ. ಪಕ್ಕದ ಮನೆಯವಳು ಬಂದಾಗ ನಂಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಎಷ್ಟು ಹೇಳಿದ್ರೂ ತಲೆ ಅಲ್ಲಾಡಿಸ್ತಾರೆ ಅಷ್ಟೇ. ಬುದ್ಧಿ ಜಾರ್ತಾ ಇದೆ ಅನ್ಸತ್ತೆ.”

ಅಂಗಿಯ ಮೇಲಿನ ಗುಂಡಿ ಹಾಕದೆ ಕೋಣೆಯಿಂದ ಹೊರಗೆ ಬಂದವರಲ್ಲ ನಮ್ಮಪ್ಪ. ಲಕ್ವ ಹೊಡೆದು ಮಲಗಿದ್ದಾಗಲೂ ನರ್ಸ್ ಬಂದರೆ ಹೊದಿಕೆ ಎಳೆದುಕೊಳ್ಳುತ್ತಿದ್ದರು. ಅಂಥವರು ಬಾಗಿಲು ತೆರೆದಿಟ್ಟು ಕೂರುತ್ತಾರಂತೆ.

ಅತ್ತಿಗೆಯ ಮಾನ ಹೋಗುತ್ತಿದೆ ಎಂದು ಖುಷಿಪಡಬೇಕಿತ್ತು. ಪಟ್ಟೆ ಕೂಡ. ದಾರಿಯುದ್ದಕ್ಕೂ ನಕ್ಕೆ. ಮನೆಗೆ ಬಂದ ಮೇಲೆ ಯಾಕೋ ಊಟ ಸೇರಲಿಲ್ಲ.

ಫೆಬ್ರವರಿ ೧೪

ಇವತ್ತು ಅವರು ಕರೆದಿರಲಿಲ್ಲ. ಕೀಲು ಸಡಿಲಾಗಿದೆಯೇನೋ ನೋಡಬೇಕು ಅಂತ ನಾನೇ ಹೋದೆ. ಶತ್ರುವಿನ ಮನೆಯನ್ನು ಆಗಾಗ ನೋಡಿಕೊಂಡು ಬರಬೇಕು, ಅದರಲ್ಲೇನಿದೆ.

ಕೀಲು ಗಟ್ಟಿಯಾಗಿತ್ತು. ಅಪ್ಪನ ಉಗುರು ಬೆಳೆದಿತ್ತು, ಕತ್ತರಿಸಿದೆ. ಗಡ್ಡವನ್ನೂ ತೆಗೆದೆ. ಸುಮ್ಮನೆ ಕೂತಿದ್ದರೆ ಅತ್ತಿಗೆಗೆ ಅನುಮಾನ ಬರುತ್ತಿತ್ತು, ಅದಕ್ಕೆ.

ಅಪ್ಪ ನನ್ನ ಚೀಲದ ಕಡೆ ಬೆರಳು ತೋರಿಸಿದರು. ಬಿಟ್ಟುಗಳನ್ನೂ ಉಳಿದ ಸ್ಕ್ರೂಗಳನ್ನೂ ಹೊದಿಕೆಯ ಮೇಲೆ ಹರಡಿದೆ. ಎಡಗೈಯಲ್ಲೇ ಒಂದೊಂದಾಗಿ ಬೇರೆ ಮಾಡಿದರು. ಪ್ಲಸ್ ಒಂದು ಕಡೆ, ಚೌಕ ಒಂದು ಕಡೆ, ಸ್ಟಾರ್ ಒಂದು ಕಡೆ. ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದಲೇ ಗುರುತಿಸುತ್ತಾರೆ. ಬುದ್ಧಿ ಜಾರಿದೆಯಂತೆ! ಅತ್ತಿಗೆಯ ತಮ್ಮನಿಗೆ ಕಣ್ಣು ಬಿಟ್ಟರೂ ಗೊತ್ತಾಗುವುದಿಲ್ಲ.

ಕೊನೆಯಲ್ಲಿ ಸೀಳು ತಲೆಯ ಎರಡು ಸ್ಕ್ರೂ ಆರಿಸಿ ನನ್ನ ಅಂಗೈಯಲ್ಲಿಟ್ಟರು. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮುಚ್ಚಿದರು.

ಹಳೇ ಕಾಲದವರಿಗೆ ಹಳೆಯದರ ಮೇಲೇ ಪ್ರೀತಿ. ಚೀಲಕ್ಕೆ ಹಾಕಿಕೊಂಡು ಬಂದೆ.

ಫೆಬ್ರವರಿ ೨೧

ಹೋಗಿದ್ದೆ. ಕಾರಣ ನೆನಪಿಲ್ಲ, ಏನೋ ಇತ್ತು.

ಭಾನುವಾರ ಅವರ ಮನೆಗೆ ಆ ದೊಡ್ಡ ಕಂಟ್ರಾಕ್ಟರ್ ಮತ್ತು ಅವನ ಹೆಂಡತಿ ಬರುತ್ತಾರಂತೆ. ಹೊಸ ಕಟ್ಟಡದ ಬಾಗಿಲು ಕಿಟಕಿ ಎಲ್ಲ ಅಣ್ಣನಿಗೇ ಸಿಗುವ ಹಾಗಿದೆ. ಯಾರ ಮುಂದೆ ನನ್ನನ್ನು ಪಾಲಿಶ್ ಉಜ್ಜುವವಳು ಮಾಡಿದನೋ ಅವನೇ. ಆ ಕೆಲಸ ಕೈತಪ್ಪಿ ಹೋಗಲಿ ಎಂದು ಮನಸಾರೆ ಬೇಡಿಕೊಂಡೆ.

ಅಣ್ಣ ಅಪ್ಪನ ಮಂಚದ ಮುಂದೆ ನಿಂತು ಹೇಳುತ್ತಿದ್ದ: “ಅಪ್ಪಾ, ಭಾನುವಾರ ಒಂದಿನ ಬಚ್ಚಲ ಬಾಗಿಲು ಹಾಕ್ಕೊಂಡು ಚಿಲಕ ಹಾಕ್ಕೊಳ್ಳಿ. ಆಗಲ್ಲ ಅಂದ್ರೆ ಅವರು ಹೋಗೋ ತನಕ ನಿಮ್ಮನ್ನ ಮೇಲಿನ ರೂಮಿಗೆ ಎತ್ಕೊಂಡು ಹೋಗಿ ಕೂಡಿಹಾಕ್ಬೇಕಾಗತ್ತೆ. ನನ್ನ ಮರ್ಯಾದೆ ಪ್ರಶ್ನೆ.”

ಹೆತ್ತ ತಂದೆಗೆ ಹೀಗನ್ನುತ್ತಾನಲ್ಲ! ನಾಲಿಗೆ ಸೀಳಿಬಿಡೋಣ ಅನ್ನಿಸಿತು.

ಅಪ್ಪ ಅಣ್ಣನ ಕಡೆ ನೋಡಲಿಲ್ಲ. ನನ್ನನ್ನು ನೋಡಿದರು. ಅಣ್ಣನನ್ನು ಬಿಟ್ಟು ನನ್ನನ್ನೇಕೆ ನೋಡಿದರೋ. ಆಮೇಲೆ “ಆಯ್ತು” ಅಂದರು.

ಫೆಬ್ರವರಿ ೨೪

ಬೆರಳಿಗೆ ಬಟ್ಟೆ ಸುತ್ತಿದೆ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಒಂದು ಹೊಸ ಮನೆಯ ಮೆಟ್ಟಿಲ ಕಟಕಟೆಗೆ ಸ್ಕ್ರೂ ಹಾಕುತ್ತಿದ್ದೆ. ಹಲಗೆಯ ಮೇಲಿದ್ದ ಫೋನು ಬಡಿದುಕೊಂಡಿತು. ಅಣ್ಣ. ಕಂಟ್ರಾಕ್ಟರ್ ಎದುರಿಗೆ ಏನೋ ಕಿತ್ತುಹೋಗಿರಬೇಕು ಎಂದು ನಗು ಬಂತು. ಬಿಟ್ಟೆ. ಮತ್ತೆ ಬಡಿದುಕೊಂಡಿತು. ಬಡಿದುಕೊಳ್ಳಲಿ, ಇನ್ನೊಂದು ಸ್ಕ್ರೂ ಬಿಗಿಯೋಣ. ಅದನ್ನು ಬಿಗಿದೆ. ಅದರ ಪಕ್ಕದ್ದನ್ನೂ ಬಿಗಿದೆ. ಮೂರನೆಯ ಕರೆ ಬರಲೇ ಇಲ್ಲ. ನಿಯಮದ ಪ್ರಕಾರ ಬರಬೇಕಿತ್ತು. ಫೋನನ್ನೇ ನೋಡುತ್ತ ನಿಂತಿದ್ದಾಗ ಅತ್ತಿಗೆಯ ನಂಬರ್ ಬಂತು.

“ಮಾವ ಒಳಗಿದಾರೆ ಕಣೇ… ಚಿಲಕ ಹಾಕ್ಕೊಂಡಿದಾರೆ… ದೊಪ್ ಅಂತ ಶಬ್ದ ಆಯ್ತು… ಆ ಸ್ಕ್ರೂ ಯಾವುದಕ್ಕೂ ಬರ್ತಿಲ್ಲ…”

ಹೇಗೆ ಹೋದೆನೋ ಗೊತ್ತಿಲ್ಲ. ಅಂಗಳದಲ್ಲಿ ಕಂಟ್ರಾಕ್ಟರನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಬಚ್ಚಲ ಮುಂದೆ ಜಾಣ ಚಾಕು, ಕತ್ತರಿ, ಚಮಚ, ಪ್ಲಸ್ ಬಿಟ್ ಎಲ್ಲ ನೆಲದ ಮೇಲೆ ಚೆಲ್ಲಿಕೊಂಡು ಬೆವರುತ್ತಿದ್ದ. ಅಣ್ಣನ ಕೈಯಲ್ಲಿ ಸುತ್ತಿಗೆ ಇತ್ತು, ಎತ್ತಿರಲಿಲ್ಲ. “ಅಪ್ಪ ಬಾಗಿಲಿಗೇ ಒರಗಿದಾರೆ, ಹೊಡೆದ್ರೆ ಅವರ ತಲೆಗೇ…” ಅಂದ. ಅಷ್ಟು ದಪ್ಪದ ಹಲಗೆ ಆರಿಸಿದವಳು ನಾನೇ. ಒಳಗೆ ನಲ್ಲಿ ನೀರು ಸುರಿಯುತ್ತಿತ್ತು. ಬೇರೆ ಶಬ್ದವಿಲ್ಲ.

ತೂತಿನ ಬಿಟ್ ಹಾಕಿ ಮೊದಲ ಸ್ಕ್ರೂ ತೆಗೆದೆ. ಎರಡನೆಯದರ ಮೊಳೆಯನ್ನು ಜಾಣ ಬಗ್ಗಿಸಿಬಿಟ್ಟಿದ್ದ. ನನ್ನ ಬಿಟ್ಟೂ ಒಳಗೆ ಇಳಿಯಲಿಲ್ಲ. ನಾನು ಹಾಕಿದ ಸ್ಕ್ರೂ ನನಗೇ ಬಗ್ಗಲಿಲ್ಲ! ಮುಚ್ಚಳದ ಸಡಿಲಾದ ಕಡೆ ಎರಡೂ ಕೈಯಲ್ಲಿ ಹಿಡಿದು, ಆ ಒಂದು ಸ್ಕ್ರೂವಿನ ಮೇಲೇ ಪಕ್ಕಕ್ಕೆ ತಿರುಗಿಸಿದೆ. ಉಗುರು ಕಿತ್ತುಬಂತು. ಕೈ ತೂರಿಸಿ ಚಿಲಕ ಎತ್ತಿದೆ. ಬಾಗಿಲು ಹೊರಕ್ಕೆ ತೆರೆದುಕೊಂಡಿತು, ಅಪ್ಪ ಪೂರ್ತಿ ಒದ್ದೆಯಾಗಿ ನನ್ನ ತೋಳಿನೊಳಕ್ಕೆ ಬಿದ್ದರು.

ಕಣ್ಣು ತೆರೆದೇ ಇತ್ತು. ತುಟಿ ನೀಲಿಗಟ್ಟಿತ್ತು. ನನ್ನ ಕಿವಿಯ ಹತ್ತಿರ, ಒಂದೊಂದೇ ಅಕ್ಷರ ಕೂಡಿಸಿ ಹೇಳಿದರು:

“ಚಮಚ ಸಾಕಿತ್ತಲ್ಲ, ಮಗಳೇ.”

ಅತ್ತಿಗೆಗೆ ‘ಚಮಚ’ ಅಷ್ಟೇ ಕೇಳಿಸಿತು. “ಅಯ್ಯೋ, ಹಸಿವಾಗಿದೆ ಅನ್ಸತ್ತೆ, ಚಮಚ ಕೇಳ್ತಿದಾರೆ” ಎಂದು ಅಡುಗೆಮನೆಗೆ ಓಡಿ, ಬಟ್ಟಲು ಚಮಚ ತಂದು ನನ್ನ ಕೈಗೆ ಕೊಟ್ಟಳು.

ಫೆಬ್ರವರಿ ೨೫

ಬಲ ಹೆಗಲ ಮೂಳೆ ಬಿರುಕು ಬಿಟ್ಟಿದೆ, ಉಳಿದದ್ದು ಸರಿಯಾಗಿದೆ ಅಂದರು ಡಾಕ್ಟರು. ಇನ್ನೂ ಸ್ವಲ್ಪ ಹೊತ್ತಾಗಿದ್ದರೆ, ಎಂದು ಶುರು ಮಾಡಿದರು. ನಾನು ಎದ್ದು ಹೊರಗೆ ಹೋದೆ.

ಹೆಬ್ಬೆರಳಿನಿಂದ ಸವರಿದ ದಿನವೇ ಅವರಿಗೆ ಗೊತ್ತಾಗಿತ್ತು. ಅದಕ್ಕೇ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಮಾನ ಬಿಟ್ಟು, ಸೊಸೆಯ ಕೈಲಿ ಬುದ್ಧಿಗೆಟ್ಟವರು ಅನ್ನಿಸಿಕೊಂಡು, ತೆರೆದ ಬಾಗಿಲಲ್ಲಿ ಕೂತರು. “ನನ್ನ ಮಗಳು ಹೀಗೆ ಮಾಡಿದ್ದಾಳೆ” ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅಣ್ಣನ ಬಗ್ಗೆ ಬಾಯಿ ಬಿಡದ ಹಾಗೇ ನನ್ನ ಬಗ್ಗೆಯೂ ಬಿಡಲಿಲ್ಲ. ಈ ಮುದುಕನ ಮೌನಕ್ಕೆ ಬೆಂಕಿ ಬೀಳಲಿ. ಬೈಯಬೇಕಿತ್ತು, ಕೋಲು ಎತ್ತಬೇಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿದವಳು ನಾನು.

ಅಣ್ಣ ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕಕ್ಕೆ ಬಂದು ಕೂತ. ಕಣ್ಣು ಕೆಂಪಾಗಿತ್ತು.

“ನಿನ್ನ ಹತ್ರ ಆ ಬಿಟ್ ಇದ್ದದ್ದು ಪುಣ್ಯ. ನೀನೇ ಉಳಿಸಿದೆ. ಕಂಟ್ರಾಕ್ಟರ್ ಕೂಡ ಅಂದ್ರು, ಕೆಲಸ ಗೊತ್ತಿರೋಳು ಇವಳೊಬ್ಬಳೇ ಅಂತ. ಅಂಗಡಿಗೆ ಬಂದುಬಿಡು. ನಾನು ಹಂಗೆ ಅನ್ನಬಾರದಿತ್ತು.”

ಎಷ್ಟು ದಿನದಿಂದ ಕಾದಿದ್ದೆ. ಕನ್ನಡಿ ಮುಂದೆ ಹೇಳಿ ನೋಡಿದ್ದ ಮಾತನ್ನು ಈಗ ಆಡಬೇಕಿತ್ತು. ಬಾಯಿಂದ ಬಂದದ್ದು ಬೇರೆ.

“ಆ ಸ್ಕ್ರೂ ಹಾಕಿದ್ದೇ ನಾನು” ಅಂದೆ.

“ಗೊತ್ತು, ಅದಕ್ಕೇ ಅಷ್ಟು ಗಟ್ಟಿ” ಅಂದ. ದಡ್ಡ. ಇನ್ನೊಮ್ಮೆ ಬಿಡಿಸಿ ಹೇಳಬೇಕಾಯಿತು. ಅಪ್ಪನ ಕಟ್ಟಳೆ ಅವನಿಗೆ ಮರೆತೇಹೋಗಿತ್ತು. ಪೂರ್ತಿ ಕೇಳಿದ. ಸುತ್ತಿಗೆ ಎತ್ತಲಾರದೆ ನಿಂತಿದ್ದನಲ್ಲ, ಹಾಗೇ ಕೂತಿದ್ದ. ಹೊಡೆಯುತ್ತಾನೆ ಅಂದುಕೊಂಡೆ. ಎದ್ದು ಹೋದ. ಆಮೇಲೆ ಎರಡು ಲೋಟ ಕಾಫಿ ತಂದು, ಒಂದನ್ನು ನನ್ನ ಪಕ್ಕದಲ್ಲಿ ಕುಕ್ಕಿದ. ಅರ್ಧ ಚೆಲ್ಲಿತು.

ಮಾರ್ಚ್ ೪

ಅಪ್ಪ ಮನೆಗೆ ಬಂದರು.

ಬಗ್ಗಿದ ಸ್ಕ್ರೂವನ್ನು ಕೊರೆದು ತೆಗೆದೆ. ಸೀಳು ತಲೆಯ ಎರಡನ್ನು ಅಪ್ಪನೇ ಕೊಟ್ಟಿದ್ದರಲ್ಲ, ಚೀಲದ ತಳದಲ್ಲಿದ್ದವು. ಮೊದಲನೆಯದನ್ನು ನಾನು ಹಾಕಿದೆ. ಎರಡನೆಯದಕ್ಕೆ ಅಪ್ಪ ಕೈ ಚಾಚಿದರು. ಡ್ರೈವರ್ ಕೊಡಹೋದರೆ ಬೇಡವೆಂದು ಅಡುಗೆಮನೆ ಕಡೆ ತೋರಿಸಿದರು. ಅತ್ತಿಗೆ ಈ ಸಲ ಬಟ್ಟಲು ತರಲಿಲ್ಲ, ಚಮಚ ಮಾತ್ರ ತಂದಳು. ಅದರ ಹಿಡಿಯ ತುದಿಯಿಂದ ಎಡಗೈಯಲ್ಲೇ ಕೊನೆಯ ಕಾಲು ಸುತ್ತು ತಿರುಗಿಸಿ, ಸೀಳನ್ನು ನೆಟ್ಟಗೆ ನಿಲ್ಲಿಸಿದರು. ಮೊದಲನೆಯದು ಕೂದಲೆಳೆಯಷ್ಟು ವಾರೆಯಿತ್ತು. ಅದನ್ನೂ ಸರಿಮಾಡಿ ನನ್ನ ಕಡೆ ನೋಡಿದರು. ಬೈಗುಳ ಅಂದರೆ ಅದೇ, ಸಿಕ್ಕಿತು.

ಕಪಾಟು, ಕಿಟಕಿ, ಕೀಲುಗಳ ಸ್ಕ್ರೂಗಳನ್ನು ಬದಲಾಯಿಸಿಲ್ಲ. ಕ್ಷಮಿಸಿದ್ದೇನೆ ಅಂತ ಯಾರು ಹೇಳಿದರು? ಅಣ್ಣನ ಅಂಗಡಿಗೂ ಹೂಂ ಅಂದಿಲ್ಲ. ಕಂಟ್ರಾಕ್ಟರನ ಮುಂದೆ ನಿಂತು ಯಾರು ಬಾಗಿಲು ಕೂರಿಸಿದ್ದು, ಯಾರು ಪಾಲಿಶ್ ಉಜ್ಜಿದ್ದು ಎಂದು ಅವನು ಹೇಳಲಿ, ಆಮೇಲೆ ನೋಡೋಣ. ಅವರ ಫೋನು ಬಂದರೆ ಮಾತ್ರ ಈಗ ಮೊದಲ ಸಲಕ್ಕೇ ಎತ್ತುತ್ತೇನೆ. ನೆಟ್‌ವರ್ಕ್ ಸರಿಯಿಲ್ಲ, ಕಡಿದುಹೋದೀತು, ಅದಕ್ಕೆ.

ಹೊರಡುವ ಹೊತ್ತಿಗೆ ಅಪ್ಪ ಕೋಲು ಊರಿಕೊಂಡು ಬಚ್ಚಲಿಗೆ ಹೋದರು. ಬಾಗಿಲು ಎಳೆದುಕೊಂಡರು. ಒಳಗಿನಿಂದ ಚಿಲಕ ಬಿದ್ದ ಶಬ್ದ ಕೇಳಿಸಿತು.

ಅವರು ಹೊರಗೆ ಬರುವ ತನಕ ಚಮಚ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.